ಸಿಂಹಾಚಲದ ಕಲ್ಲು, ಕಂಪ್ಯೂಟರಿನ ಕಾಲಂ

ವಿಶಾಖಪಟ್ಟಣದ ಬಳಿಯ ಸಿಂಹಾಚಲಕ್ಕೆ ಹೋಗಿಬಂದ ಕನ್ನಡಿಗರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ವರ್ಷವಿಡೀ ಗಂಧದಲ್ಲಿ ಮುಚ್ಚಿರುವ ವರಾಹ ಲಕ್ಷ್ಮೀನರಸಿಂಹನ ನಿಜರೂಪದ ದರ್ಶನ ಅಕ್ಷಯ ತದಿಗೆಯಂದು ಮಾತ್ರ ಎಂಬುದು ಒಂದು. ನಮ್ಮ ಕೃಷ್ಣದೇವರಾಯ ಅಲ್ಲಿಗೆ ಬಂದಿದ್ದನೆಂಬುದು ಇನ್ನೊಂದು. ಈ ಎರಡನೆಯ ಮಾತಿಗೆ ಕಲ್ಲಿನ ಸಾಕ್ಷಿಯಿದೆ. ಗಜಪತಿ ಪ್ರತಾಪರುದ್ರನ ಮೇಲೆ ದಂಡೆತ್ತಿ ಹೋದ ರಾಯ 1515ರಲ್ಲಿ ಕೊಂಡವೀಡನ್ನು ಹಿಡಿದು, ಮರುವರ್ಷ ಸಿಂಹಾದ್ರಿಯ ದೇವರಿಗೆ ಮುತ್ತಿನ ಹಾರವೇ ಮುಂತಾದ ಒಡವೆಗಳನ್ನೊಪ್ಪಿಸಿದ. ಶಾಸನದ ಕಾಲ ಶಕ 1438, ಧಾತು ಸಂವತ್ಸರ. ಭಾಷೆ ತೆಲುಗು.

ಆ ಗುಡಿಯಲ್ಲಿ ಶಾಸನಗಳು ಒಂದೆರಡಲ್ಲ, ನೂರಾರು. 11ನೆಯ ಶತಮಾನದ ಕೊನೆಯ, ಕುಲೋತ್ತುಂಗ ಚೋಳನ ಕಾಲದ ಶಾಸನದಿಂದ ಹಿಡಿದು ಪೂರ್ವ ಗಂಗರು, ಗಜಪತಿಗಳವರೆಗೆ ಸಾಲುಗಟ್ಟಿ ನಿಂತಿವೆ. ಬಹುಪಾಲು ತೆಲುಗಿನವು, ಸಂಸ್ಕೃತ, ಒರಿಯಾ, ತಮಿಳಿನವೂ ಉಂಟು. 1928ರಲ್ಲಿ ಕೆ. ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ಸಂಪಾದಿಸಿದ ದಕ್ಷಿಣ ಭಾರತ ಶಾಸನಗಳ ಆರನೆಯ ಸಂಪುಟದಲ್ಲಿ ಇವು ಅಚ್ಚಾದವು. ಪ್ರತಿ ಪಾಠದ ತಲೆಯ ಮೇಲೆ ಚಿಕ್ಕ ಅಕ್ಷರದಲ್ಲಿ ಕ್ರಮಸಂಖ್ಯೆ, ಇಲಾಖೆಯ ವರದಿಯ ಸಂಖ್ಯೆ, ಕಲ್ಲು ಇರುವ ಜಾಗ. ನಾವು ಸಾಮಾನ್ಯವಾಗಿ ಓದದೆ ಹಾರಿಬಿಡುವ ಈ ಸಾಲನ್ನೇ ಈಗಿನವರು ಮೆಟಾಡೇಟಾ ಎನ್ನುತ್ತಾರೆ.

ಕನ್ನಡ ನಾಡಿಗೂ ಇದು ಹೊಸದಲ್ಲ. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದಾಗ ತಾಲ್ಲೂಕಿಗೊಂದು ವರಸೆ ಹಿಡಿದು ಸಂಖ್ಯೆ ಹಾಕಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ಇಂದಿಗೂ ವಿದ್ವಾಂಸರು ಶಾಸನವನ್ನು ಉಲ್ಲೇಖಿಸುವಾಗ ಹಳೆಯದೋ ಪರಿಷ್ಕೃತವೋ ಎಂದು ಹೇಳಲೇಬೇಕು. ಹೇಳದಿದ್ದರೆ ಓದುಗ ಇನ್ನಾವುದೋ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ!

ಇನ್ನು ಕಂಪ್ಯೂಟರಿನ ಮಾತು. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಸಭೆಯಿಂದ ಡಬ್ಲಿನ್ ಕೋರ್ ಎಂಬ ಪದ್ಧತಿ ಹುಟ್ಟಿತು. ಶೀರ್ಷಿಕೆ, ಕರ್ತೃ, ದಿನಾಂಕ, ಭಾಷೆ ಹೀಗೆ ಅದರಲ್ಲಿ 15 ಎಲಿಮೆಂಟುಗಳು, ಅಂದರೆ ತುಂಬಬೇಕಾದ ಕಾಲಂಗಳು. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾನಿಲಯ ಸಿದ್ಧಪಡಿಸಿ ಯುನೆಸ್ಕೊ ನೆರವಿನಿಂದ ಉಚಿತವಾಗಿ ಹಂಚಿದ ಗ್ರೀನ್‌ಸ್ಟೋನ್ ಎಂಬ ಗ್ರಂಥಾಲಯ ತಂತ್ರಾಂಶವೂ ಇದನ್ನು ಬಳಸುತ್ತದೆ.

ಸಿಂಹಾಚಲದ ಶಾಸನವನ್ನು ಈ ಕಾಲಂಗಳಿಗೆ ತುಂಬಿನೋಡೋಣ. ಕರ್ತೃ ಯಾರು? ದಾನ ಕೊಟ್ಟ ಅರಸನೆ, ಬರೆದವನೆ, ಕಲ್ಲು ಕಡೆದವನೆ? ದಿನಾಂಕದಲ್ಲಿ ಶಾಸನದಲ್ಲಿರುವಂತೆ 1438 ಎಂದು ಹಾಕಿದರೆ ಯಂತ್ರ ಅದನ್ನು ಕ್ರಿಸ್ತಶಕವೆಂದೇ ತಿಳಿಯುತ್ತದೆ. ಆಗ ರಾಯನ ಈ ಯಾತ್ರೆ ಎಪ್ಪತ್ತೆಂಟು ವರ್ಷ ಹಿಂದಕ್ಕೆ ಸರಿದು, ಇಮ್ಮಡಿ ದೇವರಾಯನ ಆಳಿಕೆಗೆ ಹೋಗಿ ಬೀಳುತ್ತದೆ. ಧಾತು ಸಂವತ್ಸರವೋ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವಂಥದು. ಅದೊಂದರಿಂದಲೇ ಕಾಲ ತಿಳಿಯದು.

ಇದಕ್ಕೆ ದಾರಿಯಿಲ್ಲದಿಲ್ಲ. ಗ್ರೀನ್‌ಸ್ಟೋನಿನಲ್ಲಿ ಕಾಲಂಗಳ ಸೆಟ್ಟನ್ನು ತಿದ್ದುವುದಕ್ಕೆಂದೇ ಒಂದು ಸಲಕರಣೆಯಿದೆ. ಇದ್ದ ಸೆಟ್ಟನ್ನು ಆಧಾರವಾಗಿಟ್ಟುಕೊಂಡು, ಬೇರೆ ಹೆಸರಿನಲ್ಲಿ ನಮ್ಮದೇ ಸೆಟ್ಟೊಂದನ್ನು ಮಾಡಿ, ಶಕವರ್ಷ, ಸಂವತ್ಸರ, ಅರಸ, ದಾನಿ, ಲಿಪಿ, ಹಳೆಯ ಸಂಖ್ಯೆ ಎಂಬ ಕಾಲಂಗಳನ್ನು ಸೇರಿಸಬಹುದು. ಡಬ್ಲಿನ್ ಕೋರನ್ನು ಮಾತ್ರ ಮುಟ್ಟದಿರುವುದೇ ಲೇಸು. ಎಲ್ಲರೂ ಒಪ್ಪಿದ ಅಳತೆಗೋಲನ್ನು ನಾವೊಬ್ಬರೇ ತಿದ್ದಿಕೊಂಡರೆ ಬೇರೆ ಗ್ರಂಥಾಲಯಗಳ ಪಟ್ಟಿಯೊಡನೆ ನಮ್ಮದು ಕೂಡುವುದಿಲ್ಲ.

ಕಾಲಂ ತುಂಬುವುದರಲ್ಲಿ ಅಸಡ್ಡೆಯಾದರೆ ಏನಾಗುತ್ತದೆಂಬುದನ್ನು ಕನ್ನಡಿಗರು ಕಂಡಿದ್ದೇವೆ. ಭಾರತದ ಡಿಜಿಟಲ್ ಲೈಬ್ರರಿಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟರು. ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ ಬರೆದರು. ಪುಸ್ತಕ ಇತ್ತು, ಹುಡುಕಿದವನಿಗೆ ಸಿಕ್ಕಲಿಲ್ಲ. ‘ಸಂಚಯ’ದ ಉತ್ಸಾಹಿಗಳು ಆ ಪಟ್ಟಿಯನ್ನೂ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಕನ್ನಡ ಪುಸ್ತಕಗಳ ಪಟ್ಟಿಯನ್ನೂ ಹಲವರ ಕೈಯಿಂದ ಕನ್ನಡ ಲಿಪಿಗೆ ತರಿಸಿದರು. ಅಂಥ ಕೆಲಸಕ್ಕೆ ಸನ್ಮಾನ, ಹಾರತುರಾಯಿಗಳು ಸಲ್ಲುವುದು ಕಡಿಮೆ.

ಮತ್ತೆ ಸಿಂಹಾಚಲಕ್ಕೆ ಬರೋಣ. ಭಾಷೆಯ ಕಾಲಮ್ಮಿನಲ್ಲಿ ಕನ್ನಡವೆಂದು ಕೊಟ್ಟು ವಿಜಯನಗರದ ಶಾಸನಗಳನ್ನು ಹುಡುಕುವ ನಮ್ಮ ವಿದ್ಯಾರ್ಥಿಗೆ 1510ರ ಹಂಪಿಯ ಪಟ್ಟಾಭಿಷೇಕದ ಶಾಸನ ಸಿಕ್ಕೀತು, ಸಿಂಹಾಚಲದ್ದು ಸಿಗದು. ಹಾಗೆಂದು ಕೆಲವು ಅಭಿಮಾನಿಗಳು ಬಯಸುವಂತೆ ಅದರ ಭಾಷೆಯನ್ನು ಕನ್ನಡವೆಂದು ತಿದ್ದಬಹುದೆ? ಕೂಡದು, ಕಲ್ಲಿನ ಮೇಲಿರುವುದು ತೆಲುಗು, ಪಟ್ಟಿಯಲ್ಲೂ ತೆಲುಗೇ ಇರಬೇಕು. ವಿದ್ಯಾರ್ಥಿಗೆ ಬೇಕಾದದ್ದು ‘ಅರಸ’ ಎಂಬ ಕಾಲಂ. ಅದರಲ್ಲಿ ರಾಯನ ಹೆಸರು ಎಲ್ಲ ಶಾಸನಗಳಿಗೂ ಒಂದೇ ಕಾಗುಣಿತದಲ್ಲಿದ್ದರೆ ಹಂಪಿಯದೂ ಸಿಂಹಾಚಲದ್ದೂ ತಿರುಪತಿಯದೂ ಒಟ್ಟಿಗೆ ಬರುತ್ತವೆ. ಕಾಲಮ್ಮಿನ ಹೆಸರನ್ನು ಹಲವು ಭಾಷೆಗಳಲ್ಲಿ ಕೊಡುವುದಕ್ಕೂ ಆ ತಂತ್ರಾಂಶದಲ್ಲಿ ಅವಕಾಶವಿದೆ: ಬೆಂಗಳೂರಿನ ಹುಡುಗನಿಗೆ ‘ಅರಸ’ ಎಂದು ಕಾಣುವ ಕಾಲಂ ವಿಶಾಖಪಟ್ಟಣದ ಹುಡುಗಿಗೆ ತೆಲುಗು ಅಕ್ಷರದಲ್ಲಿ ‘ರಾಜು’ ಎಂದು ಕಾಣುತ್ತದೆ. ಕೆಳಗಿರುವ ಶಾಸನ ಒಂದೇ.