ಗೋಡೆ ಮೊದಲು ಮುಟ್ಟಿದ್ದು ಯಾರು?

1960ರ ಆಗಸ್ಟ್ 27. ರೋಮ್ ಒಲಿಂಪಿಕ್ಸ್‌ನಲ್ಲಿ ಗಂಡಸರ 100 ಮೀಟರ್ ಫ್ರೀಸ್ಟೈಲ್ ಫೈನಲ್. ಆಸ್ಟ್ರೇಲಿಯಾದ ಜಾನ್ ಡೆವಿಟ್ ಮತ್ತು ಅಮೆರಿಕದ ಲ್ಯಾನ್ಸ್ ಲಾರ್ಸನ್ ಹೆಚ್ಚುಕಡಿಮೆ ಒಟ್ಟಿಗೇ ಬಂದು ಗೋಡೆ ಮುಟ್ಟಿದರು. ಡೆವಿಟ್ ತಾನು ಸೋತೆ ಅಂದುಕೊಂಡರು. ಲಾರ್ಸನ್‌ಗೆ ಅಭಿನಂದನೆ ಹೇಳಿ, ಸಪ್ಪೆ ಮೋರೆ ಹಾಕಿಕೊಂಡು ನೀರಿನಿಂದ ಮೇಲೆ ಬಂದರು. ಲಾರ್ಸನ್ ಗೆದ್ದ ಖುಷಿಯಲ್ಲಿದ್ದರು. ಆಮೇಲೆ ಫಲಿತಾಂಶ ಬಂತು. ಚಿನ್ನ ಡೆವಿಟ್‌ಗೆ, ಬೆಳ್ಳಿ ಲಾರ್ಸನ್‌ಗೆ!

ಇದು ಹೇಗಾಯ್ತು ಅಂತ ತಿಳಿಯಬೇಕಾದರೆ, ಆ ಕಾಲದಲ್ಲಿ ಈಜಿನ ಗೆಲುವನ್ನು ಹೇಗೆ ತೀರ್ಮಾನಿಸುತ್ತಿದ್ದರು ಅನ್ನೋದನ್ನ ನೋಡಬೇಕು. ಕೊಳದ ತುದಿಯಲ್ಲಿ ತೀರ್ಪುಗಾರರು ಕೂತಿರುತ್ತಿದ್ದರು. ಮೊದಲು ಬಂದವರು ಯಾರು ಅಂತ ನೋಡೋದು ಮೂವರ ಕೆಲಸ. ಎರಡನೆಯವರು ಯಾರು ಅಂತ ನೋಡೋದು ಇನ್ನು ಮೂವರ ಕೆಲಸ. ಇವರಲ್ಲದೆ ಒಬ್ಬೊಬ್ಬ ಈಜುಗಾರನಿಗೂ ಮೂವರು ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಿದ್ದರು. ಆದರೆ ಸ್ಥಾನ ನಿರ್ಧರಿಸುವಾಗ ಮೊದಲ ಮರ್ಯಾದೆ ಕಣ್ಣಿಗೆ, ವಾಚಿಗಲ್ಲ.

ಆ ದಿನ ಮೊದಲ ಸ್ಥಾನ ನೋಡುವ ಮೂವರಲ್ಲಿ ಇಬ್ಬರು ಡೆವಿಟ್ ಗೆದ್ದರು ಅಂದರು, ಒಬ್ಬರು ಲಾರ್ಸನ್ ಅಂದರು. ಸರಿ, ಬಹುಮತ ಡೆವಿಟ್‌ಗೆ. ಆದರೆ ಎರಡನೇ ಸ್ಥಾನ ನೋಡುವ ಮೂವರಲ್ಲಿ ಇಬ್ಬರು, ಎರಡನೆಯವರಾಗಿ ಬಂದದ್ದು ಡೆವಿಟ್ ಅಂದರು! ಅಂದರೆ ಡೆವಿಟ್ ಮೊದಲನೆಯವರೂ ಹೌದು, ಎರಡನೆಯವರೂ ಹೌದು. ಆರೂ ಜನರ ಮಾತನ್ನು ಕೂಡಿಸಿದರೆ ಲೆಕ್ಕ ಮೂರು-ಮೂರು.

ಹಾಗಾದರೆ ವಾಚ್ ಏನು ಹೇಳಿತು? ಡೆವಿಟ್ ಅವರ ಮೂರೂ ವಾಚುಗಳು 55.2 ಸೆಕೆಂಡ್ ತೋರಿಸಿದವು. ಲಾರ್ಸನ್ ಅವರದ್ದು 55.0, 55.1 ಮತ್ತು 55.1. ಮೂರಕ್ಕೆ ಮೂರೂ ಲಾರ್ಸನ್ ಮುಂದೆ ಅನ್ನುತ್ತಿದ್ದವು. ಅಧಿಕೃತವಲ್ಲದ ಒಂದು ವಿದ್ಯುನ್ಮಾನ ಗಡಿಯಾರವೂ ಅಲ್ಲಿತ್ತು. ಅದರ ಪ್ರಕಾರ ಲಾರ್ಸನ್ 55.10, ಡೆವಿಟ್ 55.16.

ಆಗ ಮಧ್ಯೆ ಬಂದವರು ಮುಖ್ಯ ತೀರ್ಪುಗಾರ, ಸ್ವೀಡನ್ನಿನ ರುನ್‌ಸ್ಟ್ರೋಮರ್. ಗೆದ್ದದ್ದು ಡೆವಿಟ್ ಅಂತ ಅವರು ತೀರ್ಮಾನ ಕೊಟ್ಟರು. ಹೀಗೆ ತಮ್ಮದೊಂದು ಮತ ಸೇರಿಸುವ ಅಧಿಕಾರ ಮುಖ್ಯ ತೀರ್ಪುಗಾರರಿಗೆ ನಿಯಮದಲ್ಲಿ ಇರಲಿಲ್ಲ. ಅಷ್ಟಕ್ಕೇ ನಿಂತಿದ್ದರೂ ಮಾತು ಬೇರೆ. ಈಗ ಇನ್ನೊಂದು ತೊಡಕು ಬಂತು. ಗೆದ್ದವರ ಸಮಯ 55.2, ಸೋತವರದ್ದು 55.1. ಇದನ್ನ ಹಾಗೇ ಅಚ್ಚು ಹಾಕೋದು ಹೇಗೆ? ಲಾರ್ಸನ್ ಅವರ ಸಮಯವನ್ನೇ 55.2 ಅಂತ ತಿದ್ದಿಬಿಟ್ಟರು! ಇವತ್ತಿಗೂ ದಾಖಲೆ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆಯೂ ಅದೇ ಅಂಕಿ ಇದೆ.

ಕಣ್ಣು ತಪ್ಪೋದು ದೊಡ್ಡ ಅಪರಾಧವೇನಲ್ಲ. ಲೆಕ್ಕ ಹಾಕಿ ನೋಡಿ. 100 ಮೀಟರನ್ನು 55 ಸೆಕೆಂಡಿನಲ್ಲಿ ಈಜುವವರು ಸೆಕೆಂಡಿಗೆ ಸುಮಾರು 1.8 ಮೀಟರ್ ಸಾಗುತ್ತಾರೆ. ಆ ವಿದ್ಯುನ್ಮಾನ ಗಡಿಯಾರ ತೋರಿಸಿದ 0.06 ಸೆಕೆಂಡಿನ ಅಂತರ ಅಂದರೆ ಹತ್ತಿರ ಹತ್ತಿರ 11 ಸೆಂಟಿಮೀಟರ್, ಅರ್ಧ ಗೇಣು. ನೀರು ನೊರೆಯೆದ್ದು ಚಿಮ್ಮುತ್ತಿರುವಾಗ, ನೀರಿನಡಿಯಲ್ಲೂ ಮುಟ್ಟಬಹುದಾದ ಕೈಗಳಲ್ಲಿ ಯಾವುದು ಅರ್ಧ ಗೇಣು ಮುಂದಿತ್ತು ಅಂತ ಹೇಳೋದು ಯಾರಿಗೇ ಆದರೂ ಕಷ್ಟ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ. ರೋಮ್‌ನಲ್ಲಿ ಆದದ್ದು ಇದರ ಉಲ್ಟಾ. ಪ್ರಮಾಣ ಕೈಯಲ್ಲೇ ಇತ್ತು, ಕಂಡದ್ದಕ್ಕೆ ಹೊಂದಿಕೊಳ್ಳಲಿ ಅಂತ ಪ್ರಮಾಣವನ್ನೇ ತಿದ್ದಿದರು. ನನ್ನ ಪ್ರಕಾರ ತಪ್ಪು ಇರೋದು ಅಲ್ಲಿ.

ಅಮೆರಿಕದವರು ದೂರು ಕೊಟ್ಟರು, ತಿರಸ್ಕಾರವಾಯಿತು. ವರ್ಷಗಟ್ಟಲೆ ಮೇಲ್ಮನವಿ ಹಾಕಿದರೂ ತೀರ್ಪು ಬದಲಾಗಲಿಲ್ಲ. ಲಾರ್ಸನ್‌ಗೆ ಅದೇ ಕೂಟದಲ್ಲಿ ಮೆಡ್ಲೆ ರಿಲೇಯಲ್ಲಿ ಒಂದು ಚಿನ್ನ ಬಂತು. ಆದರೆ ಒಬ್ಬರೇ ಈಜಿ ಗೆದ್ದ ಚಿನ್ನ ಬರಲಿಲ್ಲ. ಡೆವಿಟ್ ಕಥೆಯೂ ಸುಲಭದ್ದೇನಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಯ ಬೆಳ್ಳಿ ಪಡೆದಿದ್ದ ದೊಡ್ಡ ಈಜುಗಾರ ಅವರು. ತೀರ್ಪು ಬರೆದದ್ದು ಅವರಲ್ಲ. ಆದರೂ ಅವರ ಚಿನ್ನದ ಮಾತು ಬಂದಾಗಲೆಲ್ಲ ಒಂದು ‘ಆದರೆ’ ಜೊತೆಗೇ ಬರುತ್ತಿತ್ತು. ಒಂದು ಕೆಟ್ಟ ತೀರ್ಪು ಸೋತವರಿಗೆ ಮಾತ್ರ ಅಲ್ಲ, ಗೆದ್ದವರಿಗೂ ಅನ್ಯಾಯ ಮಾಡುತ್ತದೆ.

ಇಂಥ ಜಗಳಗಳಿಗೆ ಕೊನೆಗೆ ಉತ್ತರವಾಗಿ ಬಂದದ್ದು ಗೋಡೆಯೇ. 1967ರಲ್ಲಿ ಕೆನಡಾದ ವಿನಿಪೆಗ್‌ನ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಒಮೆಗಾ ಕಂಪನಿ ಟಚ್‌ಪ್ಯಾಡ್ ತಂತು. ಮರುವರ್ಷ ಮೆಕ್ಸಿಕೋ ಒಲಿಂಪಿಕ್ಸ್‌ಗೂ ಅದು ಬಂತು. ಗೋಡೆಗೆ ತಗುಲಿಹಾಕುವ ತೆಳು ಹಲಗೆ ಅದು. ನೀರಿನ ಅಲೆ ಬಡಿದರೆ ಸುಮ್ಮನಿರುತ್ತದೆ, ಕೈ ಒತ್ತಿದರೆ ಗಡಿಯಾರ ನಿಲ್ಲುತ್ತದೆ. ಈಜುಗಾರ ತನ್ನ ಗಡಿಯಾರವನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಅನ್ನಿ. ಇನ್ನು ಜಗಳ ಮುಗೀತು ಅಂತ ಎಲ್ಲರೂ ಅಂದುಕೊಂಡಿರಬೇಕು.

ಮುಗಿಯಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್, 400 ಮೀಟರ್ ವೈಯಕ್ತಿಕ ಮೆಡ್ಲೆ. ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕ್‌ಕೀ ಇಬ್ಬರಿಗೂ 4 ನಿಮಿಷ 31.98 ಸೆಕೆಂಡ್. ಯಂತ್ರ ಇನ್ನೂ ಸೂಕ್ಷ್ಮವಾಗಿ ಅಳೆಯಬಲ್ಲದು ತಾನೇ? ಮೂರನೇ ದಶಾಂಶ ತೆಗೆದು ನೋಡಿದರು. ಒಬ್ಬರದ್ದು 31.981, ಇನ್ನೊಬ್ಬರದ್ದು 31.983. ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿಗೆ ಚಿನ್ನ ಸ್ವೀಡನ್ನಿಗೆ ಹೋಯಿತು.

ಆ ಅಂತರ ಎಷ್ಟು ಗೊತ್ತಾ? ಸುಮಾರು 3 ಮಿಲಿಮೀಟರ್, ಒಂದು ಭತ್ತದ ಕಾಳಿನ ಅಗಲ. ಇತ್ತ ಕೊಳ ಕಟ್ಟುವ ಕಡೆ ನೋಡಿ. 50 ಮೀಟರ್ ಕೊಳದ ಉದ್ದ ಸ್ವಲ್ಪ ಜಾಸ್ತಿ ಇದ್ದರೂ ನಿಯಮ ಒಪ್ಪುತ್ತದೆ. ಕಾಂಕ್ರೀಟ್ ಗೋಡೆಯನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂತೆ ಕಟ್ಟೋಕಾಗಲ್ಲ. 400 ಮೀಟರ್ ಅಂದರೆ ಎಂಟು ಉದ್ದ. ಒಬ್ಬರ ಲೇನ್ ಇನ್ನೊಬ್ಬರ ಲೇನ್‌ಗಿಂತ ಒಂದೇ ಮಿಲಿಮೀಟರ್ ಉದ್ದ ಇದ್ದರೂ ಸಾಕು, ಎಂಟು ಮಿಲಿಮೀಟರ್ ಹೆಚ್ಚು ಈಜಬೇಕು. ಹಾಗಿರುವಾಗ 3 ಮಿಲಿಮೀಟರ್ ಅಂತರಕ್ಕೆ ಏನು ಅರ್ಥ? ಆ ಗಡಿಯಾರ ಅಳೆದದ್ದು ಈಜುಗಾರರನ್ನೋ, ಗಾರೆ ಕೆಲಸವನ್ನೋ? ಈ ಮಾತು ಈಜಿನ ಆಡಳಿತಗಾರರಿಗೂ ತಿಳಿಯಿತು. ಫಲಿತಾಂಶಕ್ಕೆ ಸೆಕೆಂಡಿನ ನೂರನೇ ಭಾಗ ಸಾಕು, ಅಲ್ಲಿಯವರೆಗೆ ಸಮ ಬಂದರೆ ಇಬ್ಬರೂ ಸಮ ಅಂತ ನಿಯಮ ಮಾಡಿದರು. ಮ್ಯೂನಿಕ್ ಫಲಿತಾಂಶ ಮಾತ್ರ ಹಾಗೇ ಉಳಿಯಿತು.

ಈ ನಿಯಮದ ಫಲ ಒಲಿಂಪಿಕ್ಸ್‌ನಲ್ಲಿ ಮೊದಲು ಕಂಡದ್ದು 1984ರಲ್ಲಿ. ಲಾಸ್ ಏಂಜಲೀಸ್‌ನ ಹೆಂಗಸರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಕ್ಯಾರಿ ಸ್ಟೈನ್‌ಸೈಫರ್, ನ್ಯಾನ್ಸಿ ಹಾಗ್ಸ್‌ಹೆಡ್ ಇಬ್ಬರಿಗೂ ಚಿನ್ನ. 2000ದಲ್ಲಿ ಸಿಡ್ನಿಯಲ್ಲಿ ಗಂಡಸರ 50 ಮೀಟರ್ ಫ್ರೀಸ್ಟೈಲ್. ಅಮೆರಿಕದ ಆಂಥನಿ ಎರ್ವಿನ್ ಮತ್ತು ಗ್ಯಾರಿ ಹಾಲ್ ಜೂನಿಯರ್ ಇಬ್ಬರಿಗೂ 21.98 ಸೆಕೆಂಡ್, ಇಬ್ಬರಿಗೂ ಚಿನ್ನ. ದೂರು ಇಲ್ಲ, ಮೇಲ್ಮನವಿ ಇಲ್ಲ, ಯಾರ ಸಮಯವನ್ನೂ ತಿದ್ದಬೇಕಾಗಿ ಬರಲಿಲ್ಲ. ಅದೇ ಎರ್ವಿನ್ ಮುಂದೆ ಈಜು ಬಿಟ್ಟರು, ವರ್ಷಗಳ ನಂತರ ಮತ್ತೆ ಕೊಳಕ್ಕೆ ಇಳಿದರು. 2016ರಲ್ಲಿ ರಿಯೋದಲ್ಲಿ, ತಮ್ಮ 35ನೇ ವಯಸ್ಸಿನಲ್ಲಿ, ಅದೇ 50 ಮೀಟರ್ ಚಿನ್ನವನ್ನು ಇನ್ನೊಮ್ಮೆ ಗೆದ್ದರು. ಎರ್ವಿನ್ 21.40, ಫ್ರಾನ್ಸಿನ ಫ್ಲೋರಾನ್ ಮಾನೊಡು 21.41. ಹದಿನಾರು ವರ್ಷದ ಹಿಂದೆ ಸಮ ಬಂದಾಗ ಒಪ್ಪಿಕೊಂಡ ಗೋಡೆ, ಈಗ ಒಂದು ಗೆರೆಯಷ್ಟು ವ್ಯತ್ಯಾಸ ಕಂಡಾಗ ಅದನ್ನೂ ಹೇಳಿತು.

ಹಾಗಂತ ನೂರನೇ ಭಾಗ ದೇವರ ತೀರ್ಪೇನಲ್ಲ. 50 ಮೀಟರ್ ಈಜಿನ ವೇಗದಲ್ಲಿ ಅದು ಎರಡು ಚಿಲ್ಲರೆ ಸೆಂಟಿಮೀಟರ್ ಅಷ್ಟೇ. ಆದರೆ ಆ ಗೆರೆಯನ್ನು ಸ್ಪರ್ಧೆಗೆ ಮೊದಲೇ ಎಳೆದಿರುತ್ತಾರೆ, ಎಲ್ಲರಿಗೂ ಒಂದೇ ಗೆರೆ. ಫಲಿತಾಂಶ ನೋಡಿಕೊಂಡು ಯಾರೂ ಅದನ್ನ ಜರುಗಿಸಲ್ಲ.

ಡೆವಿಟ್ 2023ರಲ್ಲಿ ತೀರಿಕೊಂಡರು, ಲಾರ್ಸನ್ 2024ರಲ್ಲಿ. ರೋಮ್‌ನಲ್ಲಿ ಆ ಸಂಜೆ ಬೇಕಾಗಿದ್ದದ್ದು ಟಚ್‌ಪ್ಯಾಡ್ ಒಂದೇ ಅಲ್ಲ. ತೀರ್ಪುಗಾರರು ಮೂರು-ಮೂರು ಆಗಿದ್ದಾಗ, ನಮ್ಮ ಕಣ್ಣಿಗೆ ಗೊತ್ತಾಗಲಿಲ್ಲ ಅಂತ ಒಪ್ಪಿಕೊಂಡು ವಾಚಿನ ಮಾತು ಕೇಳಬಹುದಿತ್ತು. ಅದೂ ಬೇಡ ಅನ್ನಿಸಿದರೆ ಇಬ್ಬರಿಗೂ ಚಿನ್ನ ಕೊಡಬಹುದಿತ್ತು. ಇಬ್ಬರಿಗೂ 55.2 ಅಂತ ಬರೆಯೋಕೆ ಪೆನ್ನು ಓಡಿತು. ಒಂದೇ ಸಮಯ ಬರೆದ ಮೇಲೆ ಒಂದೇ ಬಣ್ಣದ ಪದಕ ಕೊಡೋಕೆ ಮಾತ್ರ ಮನಸ್ಸು ಬರಲಿಲ್ಲ.