ಒಂದೇ ಬಾರಿ ಗೆದ್ದ ಕ್ಲಬ್ಬು, ಅದರ ಮೈದಾನದ ಹೆಸರು

ಫುಟ್‌ಬಾಲ್ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಬಾರ್ಸಿಲೋನಾ ಎಂಬ ಹೆಸರುಗಳು ಬರುತ್ತವೆ. ಕಪ್ಪುಗಳನ್ನು ಗೆದ್ದವರ ಚರಿತ್ರೆ ಎಲ್ಲರಿಗೂ ಗೊತ್ತು. ಆದರೆ ನೂರು ವರ್ಷಕ್ಕೂ ಮೀರಿದ ಆಯುಷ್ಯದಲ್ಲಿ ಒಂದೇ ಬಾರಿ ದೇಶದ ಚಾಂಪಿಯನ್ ಆದ ಒಂದು ಚಿಕ್ಕ ಕ್ಲಬ್ಬಿನ ಚರಿತ್ರೆಯೂ ಓದತಕ್ಕದ್ದೇ. ಅದು ಸ್ವಿಟ್ಜರ್ಲೆಂಡಿನ ಎಸ್.ಸಿ. ಬ್ರೂಲ್.

ಸ್ವಿಟ್ಜರ್ಲೆಂಡಿನ ಪೂರ್ವ ಭಾಗದಲ್ಲಿ ಸೇಂಟ್ ಗ್ಯಾಲನ್ ಎಂಬ ನಗರವಿದೆ. ಕಸೂತಿ ಬಟ್ಟೆಗೆ ಹೆಸರಾದ ಊರು. ಅಲ್ಲಿ 1879ರಲ್ಲೇ ಎಫ್.ಸಿ. ಸೇಂಟ್ ಗ್ಯಾಲನ್ ಎಂಬ ಕ್ಲಬ್ಬು ಹುಟ್ಟಿತ್ತು. ಇಂದಿಗೂ ಉಳಿದಿರುವ ಸ್ವಿಸ್ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಅದೇ ಹಳೆಯದು. ಅದೇ ಊರಿನಲ್ಲಿ 1901ರಲ್ಲಿ ಬ್ರೂಲ್ ಕ್ಲಬ್ಬು ಹುಟ್ಟಿತು. ಅಣ್ಣನ ನೆರಳಿನಲ್ಲಿ ಬೆಳೆಯುವ ತಮ್ಮನಂತೆ ಅದರ ಬಾಳು ಸಾಗಿತು.

1915ರಲ್ಲಿ, ಸುತ್ತಲಿನ ದೇಶಗಳು ಮೊದಲ ಮಹಾಯುದ್ಧದಲ್ಲಿ ಮುಳುಗಿದ್ದಾಗ, ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿ ಬ್ರೂಲ್ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಪಟ್ಟ ಮತ್ತೆ ಅದಕ್ಕೆ ಸಿಗಲಿಲ್ಲ. ಕ್ಲಬ್ಬು ಕೆಳಗಿನ ಹಂತಗಳಿಗೆ ಇಳಿಯಿತು. 2011-12ರಲ್ಲಿ ಒಂದು ಋತು ಎರಡನೇ ಹಂತದಲ್ಲಿ ಆಡಿ, ಪುನಃ ಮೂರನೇ ಹಂತಕ್ಕೆ ಬಂದಿತು.

ಆಟದ ಲೆಕ್ಕ ಇಷ್ಟೇ. ಆದರೆ 1915ರ ಆ ತಂಡದಲ್ಲಿ ಪೌಲ್ ಗ್ರೂನಿಂಗರ್ ಎಂಬ ಯುವಕನಿದ್ದ. 1891ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಶಿಕ್ಷಕ ತರಬೇತಿ ಪಡೆದು ಮೇಷ್ಟ್ರಾಗಿದ್ದವರು. 1919ರಲ್ಲಿ ಪೊಲೀಸ್ ಇಲಾಖೆ ಸೇರಿ, ಮುಂದೆ ಸೇಂಟ್ ಗ್ಯಾಲನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥರಾದರು. ಬ್ರೂಲ್ ಕ್ಲಬ್ಬಿನ ಅಧ್ಯಕ್ಷರೂ ಆದರು.

1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ವಶಪಡಿಸಿಕೊಂಡ. ಅಲ್ಲಿನ ಯಹೂದಿಗಳು ಜೀವ ಉಳಿಸಿಕೊಳ್ಳಲು ಗಡಿಯತ್ತ ಓಡಿಬಂದರು. ಸೇಂಟ್ ಗ್ಯಾಲನ್ ಪ್ರಾಂತ್ಯ ಆಸ್ಟ್ರಿಯಾದ ಗಡಿಗೇ ಅಂಟಿಕೊಂಡಿದೆ. ಆದರೆ ಆ ವರ್ಷದ ಆಗಸ್ಟಿನಲ್ಲಿ ಸ್ವಿಸ್ ಸರ್ಕಾರ ನಿರಾಶ್ರಿತರಿಗೆ ಬಾಗಿಲು ಮುಚ್ಚಿತು. ಬಂದವರನ್ನು ಹಿಂದಕ್ಕೆ ಕಳುಹಿಸಬೇಕೆಂಬ ಆಜ್ಞೆ ಗ್ರೂನಿಂಗರ್ ಮೇಜಿಗೂ ಬಂತು.

ಅವರು ಅದನ್ನು ಪಾಲಿಸಲಿಲ್ಲ. ನಿರಾಶ್ರಿತರ ಕಾಗದಪತ್ರಗಳಲ್ಲಿ, ಗಡಿ ಮುಚ್ಚುವುದಕ್ಕೆ ಮೊದಲೇ ಬಂದವರೆಂಬಂತೆ ಹಿಂದಿನ ದಿನಾಂಕ ಬರೆಸಿದರು. ಹೀಗೆ ಉಳಿದವರು ನೂರಾರು ಮಂದಿ. ಕೆಲವರ ಲೆಕ್ಕದಲ್ಲಿ 3,600ರವರೆಗೆ.

ವಿಷಯ ಬಯಲಾಯಿತು. 1939ರಲ್ಲಿ ಅವರನ್ನು ಕೆಲಸದಿಂದ ವಜಾ ಮಾಡಲಾಯಿತು. ಪಿಂಚಣಿಯೂ ಹೋಯಿತು. 1940ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದು ತೀರ್ಮಾನಿಸಿ 300 ಫ್ರಾಂಕ್ ದಂಡ ಹಾಕಿತು. ಲಂಚ ತಿಂದರೆಂಬ ಗಾಳಿಮಾತೂ ಹಬ್ಬಿತು. ಅದಕ್ಕೆ ಆಧಾರವೇ ಇರಲಿಲ್ಲ. ಮುಂದಿನ ಮೂರು ದಶಕ ಸಿಕ್ಕಸಿಕ್ಕ ಕೆಲಸ ಮಾಡುತ್ತಾ ಬಡತನದಲ್ಲೇ ಬದುಕಿದರು. 1971ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿತು. ಮರುವರ್ಷ, 1972ರಲ್ಲಿ, ತಮ್ಮ ದೇಶದ ದಾಖಲೆಯಲ್ಲಿ ಅಪರಾಧಿಯಾಗಿಯೇ ತೀರಿಕೊಂಡರು.

1993ರಲ್ಲಿ ಪತ್ರಕರ್ತ ಸ್ಟೀಫನ್ ಕೆಲ್ಲರ್ ಅವರ ಪುಸ್ತಕ ಬಂದಮೇಲೆ ಊರಿನ ಮನಸ್ಸಾಕ್ಷಿ ಎಚ್ಚರವಾಯಿತು. ಅದೇ ವರ್ಷ ಪ್ರಾಂತೀಯ ಸರ್ಕಾರ ಅವರ ಗೌರವವನ್ನು ಹಿಂದಿರುಗಿಸಿತು. 1995ರಲ್ಲಿ ನ್ಯಾಯಾಲಯ ಹಳೆಯ ತೀರ್ಪನ್ನು ರದ್ದುಪಡಿಸಿ ಅವರನ್ನು ನಿರ್ದೋಷಿ ಎಂದಿತು. 2006ರಲ್ಲಿ ಬ್ರೂಲ್ ಕ್ಲಬ್ಬಿನ ಮೈದಾನಕ್ಕೆ ಪೌಲ್ ಗ್ರೂನಿಂಗರ್ ಕ್ರೀಡಾಂಗಣ ಎಂಬ ಹೆಸರು ಬಂತು. 2012ರಲ್ಲಿ ನಿರಾಶ್ರಿತರು ದಾಟಿಬಂದ ಗಡಿಯಲ್ಲಿ, ಡೀಪೋಲ್ಡ್‌ಸೌ ಮತ್ತು ಹೊಹೆನೆಮ್ಸ್ ಊರುಗಳ ನಡುವಿನ ಸೇತುವೆಗೂ ಅವರ ಹೆಸರನ್ನೇ ಇಟ್ಟರು.

ಪ್ರಿಯ ವಿದ್ಯಾರ್ಥಿಗಳೇ, ಒಂದೇ ಕೃತ್ಯಕ್ಕೆ 1940ರಲ್ಲಿ ದಂಡ, 1995ರಲ್ಲಿ ಬಿಡುಗಡೆ. ನಡುವೆ ಕಳೆದ 55 ವರ್ಷಗಳಲ್ಲಿ ಆ ಕೃತ್ಯ ಬದಲಾಗಿರಲಿಲ್ಲ, ನೋಡುವವರ ಕಣ್ಣು ಬದಲಾಗಿತ್ತು. ತಮ್ಮವರಲ್ಲದ, ಗುರುತು ಪರಿಚಯವಿಲ್ಲದ ಜನರಿಗಾಗಿ ಗ್ರೂನಿಂಗರ್ ನೌಕರಿ ಕಳೆದುಕೊಂಡರು. ಆ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವ ಮಕ್ಕಳು 'ಯಾರು ಈ ಗ್ರೂನಿಂಗರ್?' ಎಂದು ಒಮ್ಮೆಯಾದರೂ ಕೇಳಿಯೇ ಕೇಳುತ್ತಾರೆ. ದೊಡ್ಡ ಕಪ್ಪು ಗೆಲ್ಲದ ಕ್ಲಬ್ಬಿನ ಬಳಿ ಆ ಪ್ರಶ್ನೆಗೆ ಹೇಳಲು ಒಂದು ಒಳ್ಳೆಯ ಉತ್ತರವಿದೆ.