ಮನೆಯ ಎ.ಸಿ. ಶುಚಿ ಮತ್ತು ನಿರ್ವಹಣೆ: ಗ್ಯಾಸ್ ತುಂಬಿಸುವ ಮೊದಲು ಫಿಲ್ಟರ್ ನೋಡಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗದ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕಾಸರಗೋಡು ಮತ್ತು ಗೋವೆಯ ಕರಾವಳಿಯಲ್ಲಿ ಬಿಸಿಲಿನ ಜೊತೆಗೆ ಸೆಕೆ, ಬೆವರು. ವಯಸ್ಸಾದವರು ಅಥವಾ ಎಳೆಮಕ್ಕಳು ಇರುವ ಮನೆಗಳಲ್ಲಿ ಎ.ಸಿ. ಈಗ ಬರೀ ಶೋಕಿಯ ವಸ್ತುವಾಗಿ ಉಳಿದಿಲ್ಲ. ಅದು ಕೆಡುವುದೂ ಮೆಕ್ಯಾನಿಕ್ ಸಿಗದೇ ಹೋಗುವುದೂ ಹೆಚ್ಚಾಗಿ ಅದೇ ಕಡುಬೇಸಿಗೆಯಲ್ಲಿ. ಎ.ಸಿ. ಜೊತೆ ಬರುವ ಕೈಪಿಡಿಯಲ್ಲಿ ಕನ್ನಡ ಸಿಗುವುದು ಅಪರೂಪ. ಹಾಗಾಗಿ ಮನೆಯವರೇ ಮಾಡಬಹುದಾದ ಕೆಲಸ ಯಾವುದು, ಮೆಕ್ಯಾನಿಕ್‌ಗೆ ಬಿಡಬೇಕಾದದ್ದು ಯಾವುದು, ಅವರನ್ನು ಏನು ಕೇಳಬೇಕು ಎಂಬುದನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದ್ದೇವೆ. ಇಲ್ಲಿ ಹೇಳಿರುವುದು ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಪ್ಲಿಟ್ ಎ.ಸಿ. ಬಗ್ಗೆ.

ಎ.ಸಿ. ಹೇಗೆ ಕೆಲಸ ಮಾಡುತ್ತದೆ?

ಕೋಣೆಯೊಳಗಿನ ಯೂನಿಟ್ ಬಿಸಿ ಗಾಳಿಯನ್ನು ಎಳೆದುಕೊಂಡು ಫಿಲ್ಟರ್ ಮೂಲಕ ತಣ್ಣನೆಯ ಕಾಯಿಲ್ ಮೇಲೆ ಹಾಯಿಸುತ್ತದೆ. ಕಾಯಿಲ್ ಒಳಗೆ ಹರಿಯುವ ಗ್ಯಾಸ್ ಆ ಶಾಖವನ್ನು ಹೀರಿಕೊಂಡು ಹೊರಗಿನ ಯೂನಿಟ್‌ಗೆ ಒಯ್ಯುತ್ತದೆ. ಅಲ್ಲಿ ಫ್ಯಾನ್ ಆ ಶಾಖವನ್ನು ಬಯಲಿಗೆ ಬಿಡುತ್ತದೆ. ಗಾಳಿಯಲ್ಲಿದ್ದ ತೇವ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಇಳಿದು ಡ್ರೈನ್ ಪೈಪಿನಲ್ಲಿ ಹೊರಗೆ ಹೋಗುತ್ತದೆ.

ಗಾಳಿ ಸರಾಗವಾಗಿ ಆಡದಿದ್ದರೆ ಈ ಕೆಲಸವೆಲ್ಲ ಕುಂಟುತ್ತದೆ. ಫಿಲ್ಟರ್‌ನಲ್ಲಿ ಧೂಳು ತುಂಬಿದರೆ ತಂಪು ಕಡಿಮೆಯಾಗುತ್ತದೆ, ಕರೆಂಟು ಬಿಲ್ ಏರುತ್ತದೆ, ಕೆಲವೊಮ್ಮೆ ಕಾಯಿಲ್ ಮೇಲೆ ಮಂಜುಗಡ್ಡೆಯೂ ಕಟ್ಟುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಕಾಣುವುದು ಇವೇ ಲಕ್ಷಣಗಳು. ಆದ್ದರಿಂದ ‘ಗ್ಯಾಸ್ ಖಾಲಿಯಾಗಿದೆ’ ಎಂದು ತೀರ್ಮಾನಿಸುವ ಮೊದಲು ಫಿಲ್ಟರ್ ತೆಗೆದು ನೋಡಿ.

ಮನೆಯವರೇ ಮಾಡಬಹುದಾದ ಕೆಲಸ

ಯಾವ ಕೆಲಸಕ್ಕೂ ಮುನ್ನ ರಿಮೋಟ್‌ನಿಂದ ಎ.ಸಿ. ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನೋ ಎಂ.ಸಿ.ಬಿ.ಯನ್ನೋ ಆಫ್ ಮಾಡಿ. ರಿಮೋಟ್‌ನಿಂದ ಮಾತ್ರ ನಿಲ್ಲಿಸಿದರೆ ಯೂನಿಟ್ ಒಳಗೆ ಕರೆಂಟು ಇದ್ದೇ ಇರುತ್ತದೆ.

1. ಫಿಲ್ಟರ್: ಎ.ಸಿ. ದಿನವೂ ಬಳಸುವ ಕಾಲದಲ್ಲಿ 15 ದಿನಕ್ಕೊಮ್ಮೆ ತೊಳೆಯಿರಿ. ರಸ್ತೆ ಪಕ್ಕದ ಮನೆ, ಮಗ್ಗದ ಅಥವಾ ಹತ್ತಿಯ ಕೆಲಸ ನಡೆಯುವ ಓಣಿ, ಮಣ್ಣಿನ ಬಯಲು ಇದ್ದಲ್ಲಿ ವಾರಕ್ಕೊಮ್ಮೆ ಬೇಕು. ಮುಂದಿನ ಮುಚ್ಚಳ ಎತ್ತಿದರೆ ಬಲೆಯಂಥ ಫಿಲ್ಟರ್ ಕೈಗೆ ಸಿಗುತ್ತದೆ. ಅದನ್ನು ಹೊರಗೆ ಒಯ್ದು ಧೂಳು ಕೊಡವಿ. ಧೂಳು ಕೂತ ಬದಿಯ ಹಿಂದಿನಿಂದ ನಲ್ಲಿ ನೀರು ಬಿಡಿ, ಆಗ ಧೂಳು ಬಂದ ದಾರಿಯಲ್ಲೇ ಹೊರಬೀಳುತ್ತದೆ. ಜಿಡ್ಡಿದ್ದರೆ ಸ್ವಲ್ಪ ಸೋಪಿನ ನೀರು ಸಾಕು. ಬಿಸಿನೀರು, ಗಡುಸಾದ ಬ್ರಷ್ ಬೇಡ. ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿ. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. ಫಿಲ್ಟರ್ ಇಲ್ಲದೆ ಎ.ಸಿ. ಓಡಿಸಬೇಡಿ. ಬಲೆಯ ಜೊತೆ ಇರುವ ಸಣ್ಣ ಕಾರ್ಬನ್ ಅಥವಾ ಪಿ.ಎಂ. 2.5 ಫಿಲ್ಟರ್‌ಗಳಲ್ಲಿ ಕೆಲವನ್ನು ತೊಳೆಯುವಂತಿಲ್ಲ, ಕೈಪಿಡಿಯಲ್ಲಿ ನೋಡಿಕೊಳ್ಳಿ.

2. ಡ್ರೈನ್ ಪೈಪ್: ಎ.ಸಿ. ಓಡುವಾಗ ಹೊರಗೆ ನೀರು ಬೀಳಬೇಕು. ಕರಾವಳಿಯಲ್ಲಿ ತುಂಬಾ ಬೀಳುತ್ತದೆ, ಒಣ ಹವೆಯ ಸೊಲ್ಲಾಪುರದಲ್ಲಿ ಏಪ್ರಿಲ್‌ನಲ್ಲಿ ಕಡಿಮೆ ಬಿದ್ದರೆ ಅದು ದೋಷವಲ್ಲ. ಒಳಗಿನ ಗೋಡೆಯ ಮೇಲೆ ನೀರು ಇಳಿದರೆ ಹೆಚ್ಚಾಗಿ ಪೈಪಿನಲ್ಲಿ ಪಾಚಿ ಅಥವಾ ಧೂಳು ಕಟ್ಟಿಕೊಂಡಿರುತ್ತದೆ. ಬಕೆಟ್ ಇಟ್ಟು ನೀರು ಹಿಡಿಯುವವರು ಪೈಪಿನ ತುದಿ ನೀರಿನಲ್ಲಿ ಮುಳುಗದಂತೆ ನೋಡಿಕೊಳ್ಳಿ. ಮುಳುಗಿದರೆ ನೀರು ಸರಿಯಾಗಿ ಇಳಿಯದೆ ಕೋಣೆಯೊಳಗೆ ಸೋರಬಹುದು. ಈ ನೀರು ನೆಲ ಒರೆಸಲು ಆಗುತ್ತದೆ. ಕುಡಿಯಬಾರದು. ಇನ್ವರ್ಟರ್ ಬ್ಯಾಟರಿಗೂ ಹಾಕಬೇಡಿ: ಕಾಯಿಲ್ ಮೇಲಿನ ಧೂಳು, ಲೋಹದ ಅಂಶ ಸೇರಿರುವುದರಿಂದ ಅದು ಡಿಸ್ಟಿಲ್ಡ್ ವಾಟರ್‌ಗೆ ಸಮನಲ್ಲ.

3. ಹೊರಗಿನ ಯೂನಿಟ್: ಸುತ್ತ ಗಾಳಿಯಾಡಲು ಜಾಗ ಬಿಡಿ. ಒಣಗಿದ ಎಲೆ, ಹತ್ತಿಯ ಎಳೆ, ಪಾರಿವಾಳದ ಗೂಡಿನ ಕಸ ತೆಗೆಯಿರಿ. ಬಟ್ಟೆ ಒಣಹಾಕಲು ಅದನ್ನು ಬಳಸಬೇಡಿ. ಕೈಗೆ ಎಟುಕುವ ಜಾಗದಲ್ಲಿದ್ದರೆ ಮೆತ್ತನೆಯ ಬ್ರಷ್‌ನಿಂದ ಪಟ್ಟಿಗಳ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಬಹುದು. ಅಡ್ಡ ಉಜ್ಜಿದರೆ ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳು ಮಡಚಿಕೊಳ್ಳುತ್ತವೆ. ಸಮುದ್ರದ ಬಳಿಯ ಮನೆಗಳಲ್ಲಿ ಉಪ್ಪಿನ ಗಾಳಿಯಿಂದ ಲೋಹ ಬೇಗ ಸವೆಯುತ್ತದೆ, ಆಗಾಗ ಸಿಹಿನೀರನ್ನು ಮೆಲ್ಲನೆ ಬಿಟ್ಟು ಉಪ್ಪು ತೊಳೆಯುವುದು ಒಳ್ಳೆಯದು. ಬೋರ್‌ವೆಲ್‌ನ ಗಡಸು ನೀರು ಬಳಸಿದರೆ ಬಿಳಿ ಪೊರೆ ಕೂರುತ್ತದೆ. ಮಾಳಿಗೆಯ ಹೊರಗೋಡೆಗೆ ತೂಗುಬಿದ್ದ ಯೂನಿಟ್‌ಗೆ ಮನೆಯವರು ಕೈಹಾಕಲೇಬೇಡಿ.

ಮೆಕ್ಯಾನಿಕ್‌ಗೆ ಬಿಡಬೇಕಾದ ಕೆಲಸ

ಕಾಯಿಲ್ ಮತ್ತು ಬ್ಲೋವರ್ ತೊಳೆಯುವುದು, ನೀರಿನ ತಟ್ಟೆ ಶುಚಿ ಮಾಡುವುದು, ವೈರಿನ ತುದಿಗಳನ್ನು ಬಿಗಿ ಮಾಡುವುದು, ಕೆಪಾಸಿಟರ್ ಪರೀಕ್ಷೆ ಇವೆಲ್ಲ ಅವರ ಕೆಲಸ. ಕರೆಂಟು ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ವರ್ಷಕ್ಕೊಮ್ಮೆ, ಶಿವರಾತ್ರಿಯ ಆಸುಪಾಸಿನಲ್ಲಿ ಸರ್ವಿಸ್ ಮಾಡಿಸಿ. ಧೂಳು ಅಥವಾ ಉಪ್ಪುಗಾಳಿ ಹೆಚ್ಚಿರುವ ಕಡೆ ವರ್ಷಕ್ಕೆರಡು ಸಲ ಬೇಕಾಗುತ್ತದೆ.

ಎ.ಸಿ. ಹಾಕಿದಾಗ ಹಸಿ ಮುಗ್ಗಲು ವಾಸನೆ ಬಂದರೆ ಒಳಗೆ ಬೂಷ್ಟು ಬೆಳೆದಿದೆ ಎಂದೇ ಅರ್ಥ. ಉಬ್ಬಸ, ಅಲರ್ಜಿ ಇರುವವರ ಮನೆಯಲ್ಲಿ ಸರ್ವಿಸ್ ತಡಮಾಡಬೇಡಿ.

ಗ್ಯಾಸ್ ವಿಚಾರ

ಎ.ಸಿ. ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಬಳಸಿದಂತೆ ಮುಗಿಯುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಪ್ರತಿ ವರ್ಷ ತುಂಬಿಸುವ ಅಗತ್ಯ ಇಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತದೇ ಖರ್ಚು.

ಮೆಕ್ಯಾನಿಕ್ ಮರಾಠಿ ಆಡಲಿ, ತೆಲುಗು, ತಮಿಳು, ಮಲಯಾಳ ಆಡಲಿ, ಗ್ಯಾಸ್, ಲೀಕ್, ವ್ಯಾಕ್ಯೂಮ್ ಎಂಬ ಪದಗಳು ಎಲ್ಲ ಕಡೆ ಒಂದೇ. ಈ ನಾಲ್ಕು ಪ್ರಶ್ನೆ ಕೇಳಿ:

• ಲೀಕ್ ಎಲ್ಲಿದೆ, ತೋರಿಸುತ್ತೀರಾ? (ಜೋಡಣೆಯ ಮೇಲೆ ಎಣ್ಣೆ ಕಲೆ, ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಕಾಣಬಹುದು.)
• ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕುತ್ತೀರಾ?
• ಯಾವ ಗ್ಯಾಸ್ ಹಾಕುತ್ತೀರಿ? ಆರ್-22, ಆರ್-410ಎ, ಆರ್-32, ಆರ್-290 ಬೇರೆ ಬೇರೆ. ಯೂನಿಟ್ ಮೇಲಿನ ಚೀಟಿಯಲ್ಲಿ ಬರೆದಿರುವುದನ್ನೇ ಹಾಕಬೇಕು.
• ಚೀಟಿಯಲ್ಲಿರುವ ಪ್ರಮಾಣಕ್ಕೆ ತಕ್ಕಂತೆ ತೂಕ ಮಾಡಿ ಹಾಕುತ್ತೀರಾ?

ಆರ್-32 ಸ್ವಲ್ಪ ಮಟ್ಟಿಗೆ, ಆರ್-290 ಸುಲಭವಾಗಿ ಹೊತ್ತಿಕೊಳ್ಳುವ ಗ್ಯಾಸ್‌ಗಳು. ಆರ್-290 ಎಂದರೆ ಪ್ರೊಪೇನ್. ಗ್ಯಾಸ್ ಕೆಲಸ ನಡೆಯುವಾಗ ಕಿಟಕಿ ತೆರೆದಿಡಿ. ಹತ್ತಿರದಲ್ಲಿ ದೀಪ, ಊದುಬತ್ತಿ, ಬೀಡಿ–ಸಿಗರೇಟು ಬೇಡ.

ತಂಪು ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ಫಿಲ್ಟರ್ ತೊಳೆದು, 16 ಡಿಗ್ರಿಗೆ ಇಟ್ಟು 15 ನಿಮಿಷ ಓಡಿಸಿ. ಯೂನಿಟ್ ಒಳಗೆಳೆಯುವ ಗಾಳಿಗೂ ಹೊರಬಿಡುವ ಗಾಳಿಗೂ ಥರ್ಮಾಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರುತ್ತದೆ. ತೇವ ಹೆಚ್ಚಿದ್ದಲ್ಲಿ ತುಸು ಕಡಿಮೆ. ಇಷ್ಟಿದ್ದರೆ ಗ್ಯಾಸ್ ಬಗ್ಗೆ ಚಿಂತೆ ಬೇಡ.

ಕರೆಂಟು ಮತ್ತು ಸುರಕ್ಷತೆ

1.5 ಟನ್ ಎ.ಸಿ.ಗೆ ಪ್ರತ್ಯೇಕ ಲೈನು, ತಕ್ಕ ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ. ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಎಂ.ಸಿ.ಬಿ. ಪದೇ ಪದೇ ಬಿದ್ದರೆ ಎ.ಸಿ. ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಕರೆಂಟು ಹೋಗಿ ಬಂದಾಗ ಮೂರು ನಿಮಿಷ ಬಿಟ್ಟು ಎ.ಸಿ. ಹಾಕಿ.

2020ರ ಜನವರಿಯಿಂದ ಸ್ಟಾರ್ ಗುರುತಿನ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ಉಷ್ಣಾಂಶ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 25–26 ಡಿಗ್ರಿಗೆ ಇಟ್ಟು ಸೀಲಿಂಗ್ ಫ್ಯಾನ್ ಮೆಲ್ಲಗೆ ತಿರುಗಿಸಿದರೆ ಬಹಳಷ್ಟು ಮನೆಗಳಿಗೆ ಸಾಕಾಗುತ್ತದೆ.

ಮಳೆಗಾಲಕ್ಕೆ ನಿಲ್ಲಿಸುವಾಗ

ಒಂದೆರಡು ಗಂಟೆ ಫ್ಯಾನ್ ಮೋಡ್‌ನಲ್ಲಿ ಓಡಿಸಿ ಒಳಗಿನ ತೇವ ಒಣಗಿಸಿ. ಫಿಲ್ಟರ್ ತೊಳೆದು ಹಾಕಿ, ಎಂ.ಸಿ.ಬಿ. ಆಫ್ ಮಾಡಿ, ರಿಮೋಟ್‌ನ ಸೆಲ್ ತೆಗೆದಿಡಿ. ಹೊರಗಿನ ಯೂನಿಟ್ ಮಳೆ ತಡೆಯುವಂತೆಯೇ ತಯಾರಾಗಿರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗಳಿಗೂ ಮನೆಯಾಗುತ್ತದೆ.

ಕೊನೆಯದಾಗಿ, ಎ.ಸಿ. ಕೊಂಡ ದಿನಾಂಕ, ಗ್ಯಾಸಿನ ಹೆಸರು, ಅದರ ತೂಕ, ಸರ್ವಿಸ್ ಆದ ದಿನ, ಬದಲಿಸಿದ ಭಾಗ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಎಂ.ಸಿ.ಬಿ. ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿಡಿ. ಮಕ್ಕಳು ಬೇರೆ ಊರಿನಲ್ಲಿದ್ದು ಹಿರಿಯರಷ್ಟೇ ಇರುವ ಮನೆಗಳಲ್ಲಿ, ಬಂದ ಮೆಕ್ಯಾನಿಕ್‌ಗೆ ತೋರಿಸಲು ಈ ಚೀಟಿ ತುಂಬಾ ಉಪಯೋಗಕ್ಕೆ ಬರುತ್ತದೆ.